ಐದು ಗೋಲಿನ ಸೋಲು ಮತ್ತು ಲೀಗ್ ವೇಳಾಪಟ್ಟಿ

ಮಾನ್ಯ ಸಂಪಾದಕರೇ,

ಏಷ್ಯನ್ ಗೇಮ್ಸ್ ಪುರುಷರ ಫುಟ್‌ಬಾಲ್ ಮಾತು ಬಂದಾಗಲೆಲ್ಲ ಹಾಂಗ್‌ಝೌನಲ್ಲಿ ಚೀನಾ ಎದುರು ನಾವು 5–1ರಿಂದ ಸೋತದ್ದನ್ನು ಎತ್ತಿ ಆಟಗಾರರನ್ನು ಬೈಯುವುದು ರೂಢಿಯಾಗಿಬಿಟ್ಟಿದೆ. 2023ರ ಸೆಪ್ಟೆಂಬರ್ 19ರ ಆ ಪಂದ್ಯವನ್ನು ಇನ್ನೊಮ್ಮೆ ಬಿಡಿಸಿ ನೋಡಬೇಕು. ವಿರಾಮದ ಹೊತ್ತಿಗೆ ಸ್ಕೋರು 1–1. ಗೋಲ್‌ಕೀಪರ್ ಗುರ್ಮೀತ್ ಸಿಂಗ್ ಒಂದು ಪೆನಾಲ್ಟಿ ತಡೆದಿದ್ದರು. ರಾಹುಲ್ ಕೆ.ಪಿ. ಬಲ ಅಂಚಿನಲ್ಲಿ ಓಡಿ, ಕೋನವೇ ಇಲ್ಲವೆನ್ನುವ ಜಾಗದಿಂದ ಚೆಂಡನ್ನು ಬಲೆಗೆ ಸೇರಿಸಿದ್ದರು. ಉಳಿದ ನಾಲ್ಕು ಗೋಲು ಬಿಟ್ಟದ್ದು ಎರಡನೇ ಅವಧಿಯಲ್ಲಿ, ಅದರಲ್ಲೂ ಮೂರು 70ನೇ ನಿಮಿಷ ದಾಟಿದ ಮೇಲೆ. ಚೆಂಡಾಟ ಗೊತ್ತಿಲ್ಲದವರು ಹೀಗೆ ಸೋಲುವುದಿಲ್ಲ, ಕಾಲು ಸೋತವರು ಹೀಗೆ ಸೋಲುತ್ತಾರೆ.

ಕಾಲು ಯಾಕೆ ಸೋತಿತು? ತಂಡ ಹಾಂಗ್‌ಝೌ ತಲುಪಿದ್ದೇ ಹಿಂದಿನ ದಿನ ಸಂಜೆ. ಒಟ್ಟಾಗಿ ಅಭ್ಯಾಸ ಮಾಡದ ತಂಡದಲ್ಲಿ ಮೊದಲು ಕೆಡುವುದು ರಕ್ಷಣಾ ಸಾಲು. ಒಬ್ಬ ಸ್ಟಾಪರ್ (ನಡುವಿನ ರಕ್ಷಕ) ಮುಂದೆ ಹೆಜ್ಜೆ ಇಟ್ಟಾಗ ಪಕ್ಕದವನು ಒಂದು ಕ್ಷಣ ತಡವಾಗಿ ಬಂದರೆ ಆಫ್‌ಸೈಡ್ ಗೆರೆ, ಅಂದರೆ ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಲುಕಿಸಲು ರಕ್ಷಕರು ಹಿಡಿಯುವ ಒಂದೇ ಸಾಲು, ಮುರಿಯುತ್ತದೆ. ಮಿಡ್‌ಫೀಲ್ಡ್ ಮತ್ತು ರಕ್ಷಣೆಯ ನಡುವಿನ ಅಂತರ 10–12 ಮೀಟರ್‌ನಿಂದ 25ಕ್ಕೆ ಹಿಗ್ಗುತ್ತದೆ. ಆ ಅಂತರ ತುಂಬಲು ಓಡಿ ಓಡಿ ಎಲ್ಲರೂ ಸುಸ್ತು. ಇದಕ್ಕೆ ಭಾಷಣದಿಂದ ಪರಿಹಾರ ಸಿಗದು, ನಾಲ್ಕೈದು ದಿನ ಒಂದೇ ಮೈದಾನದಲ್ಲಿ ಒಟ್ಟಿಗೆ ಆಡಿಸಬೇಕು.

ಆ ದಿನಗಳು ಸಿಗಲಿಲ್ಲ. ಏಷ್ಯನ್ ಗೇಮ್ಸ್ ಫುಟ್‌ಬಾಲ್ 2002ರಿಂದ 23 ವರ್ಷದೊಳಗಿನವರ ಟೂರ್ನಿ, ಜೊತೆಗೆ ಮೂವರು ಹಿರಿಯರಿಗೆ ಅವಕಾಶ. ಕೂಟ ಒಂದು ವರ್ಷ ಮುಂದಕ್ಕೆ ಹೋದದ್ದರಿಂದ ಹಾಂಗ್‌ಝೌನಲ್ಲಿ 1999ರ ಜನವರಿ 1 ಮತ್ತು ಅನಂತರ ಹುಟ್ಟಿದವರಿಗೆ ಅವಕಾಶವಿತ್ತು. ಪಂದ್ಯಗಳು ಫಿಫಾ (ವಿಶ್ವ ಫುಟ್‌ಬಾಲ್ ಸಂಸ್ಥೆ) ದೇಶಗಳ ಪಂದ್ಯಕ್ಕೆಂದು ಮೀಸಲಿಡುವ ಅಂತರರಾಷ್ಟ್ರೀಯ ಅವಧಿಯ ಹೊರಗೆ ಬಿದ್ದವು. ಹಾಗೆ ಬಿದ್ದರೆ ಆಟಗಾರನನ್ನು ಬಿಟ್ಟುಕೊಡಲೇಬೇಕೆಂಬ ಕಟ್ಟುಪಾಡು ಕ್ಲಬ್‌ಗೆ ಇಲ್ಲ. ನಮ್ಮ ಕ್ಲಬ್‌ಗಳ ಲೀಗ್ ಆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಪ್ಟೆಂಬರ್ 21ಕ್ಕೇ ಶುರು. ಅಂದು ಕೊಚ್ಚಿಯಲ್ಲಿ ಬೆಂಗಳೂರು ಎಫ್‌ಸಿ ಕೇರಳ ಬ್ಲಾಸ್ಟರ್ಸ್ ಎದುರು ಉದ್ಘಾಟನಾ ಪಂದ್ಯ ಆಡುತ್ತಿತ್ತು. ಅದೇ ದಿನ ಬೆಂಗಳೂರಿನ ನಾಯಕ ಸುನಿಲ್ ಛೆಟ್ರಿ ಹಾಂಗ್‌ಝೌನಲ್ಲಿ ಬಾಂಗ್ಲಾದೇಶದ ಎದುರು 85ನೇ ನಿಮಿಷದ ಪೆನಾಲ್ಟಿ ಒದ್ದು 1–0 ಗೆಲುವು ತಂದರು. 39 ವರ್ಷದ ಆಟಗಾರ, ಎರಡೇ ದಿನದ ಅಂತರದಲ್ಲಿ ಎರಡನೇ ಪಂದ್ಯ! ದೇಶದ ಪಂದ್ಯ ಮತ್ತು ಲೀಗಿನ ಉದ್ಘಾಟನೆ ಒಂದೇ ದಿನ ಬರುವಂತೆ ವೇಳಾಪಟ್ಟಿ ಹಾಕಿದ್ದು ನಮ್ಮವರೇ ಹೊರತು ಫಿಫಾ ಅಲ್ಲ.

ಚೀನಾ ಪಂದ್ಯವನ್ನು ಬರೀ ಅವಮಾನ ಅನ್ನುವವರು ಗುಂಪಿನ ಪಟ್ಟಿಯನ್ನೂ ನೋಡಲಿ. ಮ್ಯಾನ್ಮಾರ್ ಜೊತೆ 1–1 ಡ್ರಾ ಆದ ಮೇಲೆ ಎರಡೂ ತಂಡಗಳಿಗೆ 4 ಅಂಕ, ಗೋಲು ವ್ಯತ್ಯಾಸವೂ ಸಮ, ಮೈನಸ್ 3. ಹೊಡೆದ ಗೋಲು ನಮ್ಮವು 3, ಅವರವು 2. ಅಂದರೆ ರಾಹುಲ್ ಹೊಡೆದ ಆ ಒಂದು ಗೋಲೇ ನಮಗೆ ಎರಡನೇ ಸ್ಥಾನ ಕೊಟ್ಟಿತು. ಮೂರನೇ ಸ್ಥಾನದಲ್ಲಿ ಮುಂದೆ ಹೋದ ಮ್ಯಾನ್ಮಾರ್‌ಗೆ ಜಪಾನ್ ಎದುರಾಗಿ 7–2ರ ಸೋಲುಣಿಸಿತು. ನಾವು 16 ತಂಡಗಳ ನಾಕೌಟ್ ಘಟ್ಟದಲ್ಲಿ ಸೌದಿ ಅರೇಬಿಯಾಕ್ಕೆ 2–0ರಿಂದ ಸೋತೆವು. ಹತ್ತು ದಿನದಲ್ಲಿ ನಾಲ್ಕನೇ ಪಂದ್ಯ ಅದು.

ಚಿನ್ನ ಗೆದ್ದ ದಕ್ಷಿಣ ಕೊರಿಯಾಕ್ಕೂ ಕ್ಲಬ್‌ಗಳ ತೊಡಕಿತ್ತು. ಪ್ಯಾರಿಸ್‌ನ ಪಿಎಸ್‌ಜಿಯಿಂದ ಲೀ ಕಾಂಗ್-ಇನ್ ಟೂರ್ನಿ ಶುರುವಾದ ಮೇಲಷ್ಟೇ ಬಂದು ಸೇರಿದರು. ಆದರೆ ಉಳಿದವರು ಮೊದಲೇ ಕಲೆತಿದ್ದರಿಂದ ಒಬ್ಬರು ತಡವಾದದ್ದು ತಂಡಕ್ಕೆ ತಟ್ಟಲಿಲ್ಲ. ಚಿನ್ನ ಗೆದ್ದರೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಸಿಗುವ ದೇಶ ಅದು, ಆ ತುರ್ತು ನಮಗಿಲ್ಲ ನಿಜ. ಜಪಾನ್ ಬೇರೆ ದಾರಿ ಹಿಡಿಯಿತು. ವಿಶ್ವವಿದ್ಯಾಲಯದ ಹುಡುಗರೂ ಇದ್ದ ಕಿರಿಯ ತಂಡವನ್ನು ಕಳಿಸಿ ಫೈನಲ್ ತಲುಪಿ 2–1ರಿಂದ ಸೋತಿತು. ಕ್ಲಬ್‌ಗಳ ಜೊತೆ ಹಗ್ಗಜಗ್ಗಾಟ ಬೇಡವಾದರೆ ಈ ದಾರಿಯೇ ನಮಗೆ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಯಾವ ದಾರಿಯಾದರೂ ಕೆಲವನ್ನು ಆರು ತಿಂಗಳು ಮೊದಲೇ ಮುಗಿಸಬೇಕು. 22 ಜನರ ತಂಡಕ್ಕೆ ಕನಿಷ್ಠ 40 ಹೆಸರುಗಳ ಪಟ್ಟಿ ಮಾಡಿ, ಎಲ್ಲರ ಪಾಸ್‌ಪೋರ್ಟ್, ವೀಸಾ, ಮಾನ್ಯತಾ ಪತ್ರದ ಕಾಗದಗಳನ್ನು ಒಟ್ಟಿಗೆ ಸಿದ್ಧಪಡಿಸಬೇಕು. ಹಾಂಗ್‌ಝೌಗೆ ಆಯ್ಕೆಯಾದ ಇಬ್ಬರು ಡಿಫೆಂಡರ್‌ಗಳು ವೀಸಾ ತಡವಾಗಿ ಮೊದಲ ಪಂದ್ಯಕ್ಕೇ ಸಿಗಲಿಲ್ಲ. ಮೂವರು ಹಿರಿಯರನ್ನು ಹೆಸರು ನೋಡಿ ಆರಿಸದೆ ಬೆನ್ನೆಲುಬು ನೋಡಿ ಆರಿಸಬೇಕು: ಗೋಲ್‌ಕೀಪರ್ ಅಥವಾ ಸ್ಟಾಪರ್, ನಡುವಿನಲ್ಲಿ ಚೆಂಡು ಹಿಡಿದು ಆಟ ನಿಧಾನಿಸುವವನೊಬ್ಬ, ಮುಂದೆ ಒಬ್ಬ. ಎರಡು ದಿನಕ್ಕೊಂದು ಪಂದ್ಯ ಇರುವಲ್ಲಿ ಇಡೀ 90 ನಿಮಿಷ ಪ್ರೆಸ್ಸಿಂಗ್ (ಎದುರಾಳಿಯ ಮೇಲೆ ಮುಗಿಬಿದ್ದು ಚೆಂಡು ಕಸಿಯುವ ಆಟ) ಆಡಲಾಗದು. ಹಾಗಾಗಿ ಕಾರ್ನರ್, ಫ್ರೀಕಿಕ್‌ಗೆ ಶಿಬಿರದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಮೀಸಲಿರಲಿ.

1951ರ ದೆಹಲಿ ಕೂಟದಲ್ಲಿ ಇರಾನ್ ವಿರುದ್ಧ ಸಾಹು ಮೇವಾಲಾಲ್ ಗೋಲಿನಿಂದ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. 1962ರಲ್ಲಿ ಜಕಾರ್ತಾದಲ್ಲಿ ಕೊರಿಯಾವನ್ನು 2–1ರಿಂದ ಮಣಿಸಿದ ತಂಡದಲ್ಲಿ ಇದೇ ಊರಿನ ಅರುಮೈನಾಯಗಂ ಇದ್ದರು. ಬ್ಯಾಂಕಾಕ್‌ನಲ್ಲಿ 1970ರಲ್ಲಿ ಬಂದ ಕಂಚೇ ಕೊನೆಯ ಪದಕ. ಮುಂದಿನ ಸಲ ಲೀಗಿನ ವೇಳಾಪಟ್ಟಿ ಹಾಕುವವರು ಮೊದಲು ಏಷ್ಯನ್ ಗೇಮ್ಸ್ ದಿನಾಂಕಗಳನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಅದಕ್ಕೆ ಹಿಂದಿನ 14 ದಿನಗಳನ್ನು ಖಾಲಿ ಬಿಟ್ಟು, ಆಮೇಲೆ ಉದ್ಘಾಟನಾ ಪಂದ್ಯ ಎಂದೆಂದು ನಿರ್ಧರಿಸಲಿ.

– ಫುಟ್‌ಬಾಲ್ ಆಸಕ್ತರು, ಆಸ್ಟಿನ್ ಟೌನ್, ಬೆಂಗಳೂರು