ಪದಕದ ಅಂಚನ್ನೂ ಓದಿ

ಮಾನ್ಯ ಸಂಪಾದಕರೇ,

ಸ್ವಾತಂತ್ರ್ಯ ದಿನಕ್ಕೋ ವಿಜಯ ದಿವಸಕ್ಕೋ ಊರಿನ ಮಾಜಿ ಸೈನಿಕರನ್ನು ವೇದಿಕೆಯಲ್ಲಿ ಕೂರಿಸುತ್ತೇವೆ. ಶಾಲು ಹೊದಿಸಿ, ‘ಯುದ್ಧದಲ್ಲಿ ಹೋರಾಡಿದ ವೀರಯೋಧ’ ಎಂದಷ್ಟು ಹೇಳಿ ಕಳಿಸುತ್ತೇವೆ. ಯಾವ ಪಡೆ, ಯಾವ ರಂಗ, ಅಲ್ಲಿ ಅವರು ಮಾಡಿದ ಕೆಲಸವೇನು ಎಂದು ಕೇಳುವವರು ಕಡಿಮೆ. 1971ರ ಯುದ್ಧಕ್ಕೆ ಹೋದವರಲ್ಲಿ ತೀರಾ ಕಿರಿಯರಿಗೂ ಈಗ ಎಪ್ಪತ್ತು ದಾಟಿದೆ. ಬರೆದಿಟ್ಟುಕೊಳ್ಳುವುದಿದ್ದರೆ ಈಗಲೇ ಬರೆದಿಟ್ಟುಕೊಳ್ಳಬೇಕು.

ಮೊದಲು ಪದಕಗಳನ್ನು ನೋಡಿ. ದುಂಡು ಪದಕದ ಅಂಚನ್ನು ಓರೆ ಬೆಳಕಿಗೆ ಹಿಡಿದರೆ ಸೈನಿಕ ಸಂಖ್ಯೆ, ದರ್ಜೆ, ಹೆಸರು, ಪಡೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತವೆ. ‘ಎಸ್‌ಪಿಆರ್’ ಎಂದಿದ್ದರೆ ಸ್ಯಾಪರ್ (ಎಂಜಿನಿಯರ್ ಪಡೆಯ ಸೈನಿಕ), ‘ಜಿಎನ್ಆರ್’ ಎಂದಿದ್ದರೆ ತೋಪುಪಡೆಯ ಗನ್ನರ್. ಅಲ್ಲಿರುವುದು ಪದಕ ಕೊಟ್ಟ ಕಾಲದ ದರ್ಜೆ. ಹವಾಲ್ದಾರರಾಗಿ ನಿವೃತ್ತರಾದವರ ಪದಕದಲ್ಲಿ ಸಿಪಾಯಿ ಎಂದಿದ್ದರೆ ತಪ್ಪೆಂದು ಭಾವಿಸಬೇಡಿ. ಹುಣಸೆಹಣ್ಣು ಹಚ್ಚಿ ಉಜ್ಜಲೇಬೇಡಿ, ಆ ಅಕ್ಷರಗಳು ಸವೆದುಹೋಗುತ್ತವೆ.

ಯಾವ ಪದಕ ಏನು ಹೇಳುತ್ತದೆ ಎಂಬಲ್ಲೇ ಹೆಚ್ಚು ಎಡವಟ್ಟು. 1971ರ ಪೂರ್ವಿ ಸ್ಟಾರ್ ಬಾಂಗ್ಲಾ ಕಡೆಯ ರಂಗದ್ದು, ಪಶ್ಚಿಮಿ ಸ್ಟಾರ್ ಪಶ್ಚಿಮ ರಂಗದ್ದು. 1965ಕ್ಕೆ ಸಮರ ಸೇವಾ ಸ್ಟಾರ್ ಇದೆ. ಸೈನ್ಯ ಸೇವಾ ಪದಕದ ರಿಬ್ಬನ್ ಮೇಲಿನ ಲೋಹದ ಪಟ್ಟಿ ಸೇವೆ ಮಾಡಿದ ಪ್ರದೇಶವನ್ನು ಹೇಳುತ್ತದೆ: ಹಿಮಾಲಯ, ನೇಫಾ (ಇಂದಿನ ಅರುಣಾಚಲ ಪ್ರದೇಶ), ಹೀಗೆ. ಸ್ವಾತಂತ್ರ್ಯದ 25ನೇ ವರ್ಷದ ಪದಕ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ಸಿಕ್ಕಿದ್ದು. ಅದನ್ನು ಶೌರ್ಯಪದಕವೆಂದು ಫಲಕದಲ್ಲಿ ಬರೆಸಿದರೆ, ಇರುವ ನಿಜವಾದ ಗೌರವಕ್ಕೂ ಸಂಶಯ ಅಂಟುತ್ತದೆ.

ಮಾತಿಗೆ ಕೂತಾಗ ‘ಎಷ್ಟು ಶತ್ರುಗಳನ್ನು ಕೊಂದಿರಿ’ ಎಂದು ಕೇಳಬಾರದು. ಕೈಯಿಂದ ಮಾಡಿದ ಕೆಲಸ ಕೇಳಿ. ನೆಲಬಾಂಬು ಹುಡುಕುವ ಸ್ಯಾಪರ್ ಹೊಟ್ಟೆಯ ಮೇಲೆ ಮಲಗಿ, ಸಲಾಕೆಯನ್ನು ಸುಮಾರು 30 ಡಿಗ್ರಿ ಓರೆಯಾಗಿ, ಅಂಗುಲ ಅಂಗುಲಕ್ಕೂ ಮಣ್ಣಿಗೆ ತೂರಿಸುತ್ತಾ ಹೋಗಬೇಕು. ನೆಟ್ಟಗೆ ಚುಚ್ಚಿದರೆ ತುದಿ ಬಾಂಬಿನ ನೆತ್ತಿಗೆ ತಾಗಿ ಸಿಡಿಯಬಹುದು; ಓರೆಯಾಗಿ ಹೋದರೆ ಪಕ್ಕಕ್ಕೆ ತಾಗಿ ಗಟ್ಟಿ ಸಿಗುತ್ತದೆ, ಅಷ್ಟೆ. ಹೀಗೆ ಬಿಡಿಸಿದ ದಾರಿಯಲ್ಲೇ ಟ್ಯಾಂಕುಗಳು ಮುಂದೆ ಸಾಗುವುದು. ಇಂಥ ಕೆಲಸ ಮಾಡಿದವರನ್ನು ‘ಹೋರಾಡಿದರು’ ಎಂಬ ಒಂದೇ ಪದದಲ್ಲಿ ಮುಗಿಸುವುದು ಅನ್ಯಾಯ. ಅಡುಗೆಯವರು, ಚಾಲಕರು, ತಂತಿ ಎಳೆದ ಸಿಗ್ನಲ್‌ಮನ್‌ಗಳ ಮಾತೂ ಇದೇ.

ಸೇನೆ ಬಿಡುವಾಗ ಕೊಡುವ, ಸೇವೆಯ ವಿವರವಿರುವ ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಫೋಟೊ ತೆಗೆದಿಡಿ. ಲ್ಯಾಮಿನೇಷನ್ ಬೇಡ, ಒಳಗೆ ಕಾಗದ ಹಾಳಾದರೆ ಬಿಡಿಸಲಾಗದು. ಪುಸ್ತಕವೇ ಕಳೆದಿದ್ದರೆ ಸೈನಿಕ ಸಂಖ್ಯೆ ಹಿಡಿದು ಆಯಾ ಪಡೆಯ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು: ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಮರಾಠಾ ಲೈಟ್ ಇನ್ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿಗೆ ತಮಿಳುನಾಡಿನ ವೆಲ್ಲಿಂಗ್ಟನ್. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋದರೆ ಸುಲಭ.

ಇನ್ನೊಂದು ಮಾತು, ಇದು ಮನೆಯವರಿಗೆ. ಮದುವೆ, ಮಕ್ಕಳ ಜನನ ಸೇನೆಯಲ್ಲಿ ‘ಪಾರ್ಟ್ ಟು ಆರ್ಡರ್’ ಎಂಬ ಅಧಿಕೃತ ಆದೇಶದ ಮೂಲಕ ದಾಖಲಾಗುತ್ತವೆ. ಅಲ್ಲಿ ಹೆಂಡತಿಯ ಹೆಸರು ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಿ’ ಎಂದಿದ್ದರೆ, ಯಜಮಾನರು ಹೋದ ಮೇಲೆ ಕುಟುಂಬ ಪಿಂಚಣಿಗೆ ಆಕೆ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ. ಅವರು ಬದುಕಿರುವಾಗಲೇ ಅವರ ಸಹಿ ಹಾಕಿಸಿ ಸರಿಪಡಿಸಿಕೊಳ್ಳಿ.

– ಓದುಗರೊಬ್ಬರು