ಹಳೆಯ ಕಾರಿನ ಸದ್ದು: ಬಿಡಿಭಾಗ ಬದಲಿಸುವ ಮೊದಲು ಪರೀಕ್ಷೆ ನಡೆಯಲಿ

ಸಂಪಾದಕರಿಗೆ,

ಮಾನ್ಯರೇ,

ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಆ ಕಾರುಗಳು ಮತ್ತು ಅದೇ ಕಾಲದ ಇತರ ಕಾರುಗಳು ನಮ್ಮ ಊರುಗಳಲ್ಲಿ ಇಂದಿಗೂ ಓಡುತ್ತಿವೆ. ಹದಿನೈದು ವರ್ಷ ತುಂಬಿದ ಮೇಲೆ ಸಾರಿಗೆ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ನೋಂದಣಿ ನವೀಕರಿಸಿಕೊಂಡು ಅವುಗಳನ್ನೇ ನೆಚ್ಚಿಕೊಂಡಿರುವ ಕುಟುಂಬಗಳು ಅನೇಕ. ಇಂಥ ಕಾರಿನಿಂದ 'ಗುಂಯ್' ಎಂಬ ಸದ್ದು ಶುರುವಾಯಿತೆಂದರೆ ಮಾಲೀಕರ ಪರದಾಟವೂ ಶುರುವಾಗುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಬಾನೆಟ್ ಎತ್ತಿ ಅರೆಕ್ಷಣ ಆಲಿಸಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿದೆ ಎಂದು ಹೇಳಿಬಿಡುತ್ತಾರೆ. ಅದನ್ನು ಬದಲಿಸಿದರೂ ಸದ್ದು ಹೋಗದಿದ್ದರೆ ಮುಂದಿನ ಸರದಿ ಗೇರ್‌ಬಾಕ್ಸಿನದು. ಖರ್ಚೆಲ್ಲ ಮಾಲೀಕರ ತಲೆಯ ಮೇಲೆ.

ಸದ್ದು ಯಾವಾಗ ಏರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ವಿಚಾರಿಸಿದರೇ ದೋಷದ ಜಾಡು ಬಹುಮಟ್ಟಿಗೆ ಸಿಗುತ್ತದೆ. ನಿಂತ ಕಾರಿನಲ್ಲಿ, ಗೇರು ನ್ಯೂಟ್ರಲ್‌ನಲ್ಲಿರುವಾಗ, ಆಕ್ಸಿಲರೇಟರ್ ಒತ್ತಿದಂತೆಲ್ಲ ಸದ್ದು ಏರಿದರೆ ಎಂಜಿನ್ನಿನ ಬೆಲ್ಟುಗಳನ್ನೂ ಅವುಗಳಿಂದ ತಿರುಗುವ ಆಲ್ಟರ್ನೇಟರ್, ವಾಟರ್ ಪಂಪ್‌ಗಳನ್ನೂ ನೋಡಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದರ ಮೈಗೂ ಆನಿಸಿ, ಹಿಡಿಯನ್ನು ಕಿವಿಯ ಬಳಿ ಒತ್ತಿಕೊಂಡು, ಸವೆದ ಬೇರಿಂಗ್ (ತಿರುಗುವ ಭಾಗ ಸಲೀಸಾಗಿ ತಿರುಗಲು ಆಧಾರವಾಗಿರುವ ಬಿಡಿಭಾಗ) ಯಾವುದೆಂದು ಹೇಳಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. (ತಿರುಗುವ ಬೆಲ್ಟಿನ ಹತ್ತಿರದ ಈ ಕೆಲಸವನ್ನು ಅಭ್ಯಾಸವಿಲ್ಲದವರು ಮಾಡಬಾರದು.) ಕ್ಲಚ್ ತುಳಿದೊಡನೆ ಸದ್ದು ನಿಂತರೆ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿನೊಳಗೆ ಒಯ್ಯುವ ಇನ್‌ಪುಟ್ ಶಾಫ್ಟಿನ ಬೇರಿಂಗನ್ನೂ, ತುಳಿದಾಗ ಮಾತ್ರ ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನೂ ಅನುಮಾನಿಸಬೇಕು. ಪವರ್ ಸ್ಟೀರಿಂಗ್ ಇರುವ ಹಳೆಯ ಕಾರುಗಳಲ್ಲಿ ಸ್ಟೀರಿಂಗ್ ತಿರುಗಿಸಿದಾಗಲಷ್ಟೇ ಸದ್ದು ಕೇಳಿಸಿದರೆ ಮೊದಲು ಅದರ ಆಯಿಲ್ ಮಟ್ಟ ನೋಡಿದರಾಯಿತು.

ಹೆಚ್ಚು ಮೋಸವಾಗುವುದು ಕಾರಿನ ವೇಗದೊಂದಿಗೆ ಏರುವ ಸದ್ದಿನ ವಿಷಯದಲ್ಲಿ. ನಮ್ಮ ನೆರೆಯ ನಿವೃತ್ತ ಶಿಕ್ಷಕರೊಬ್ಬರ ಮಾರುತಿ 800ಕ್ಕೆ ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಲೇಬೇಕೆಂದಿದ್ದರು. ಆದರೆ ಖಾಲಿ ರಸ್ತೆಯಲ್ಲಿ ಗೇರು ಬದಲಿಸಿದರೂ ಸದ್ದು ಬದಲಾಗುತ್ತಿರಲಿಲ್ಲ. ಬಲಕ್ಕೆ ತಿರುಗುವಾಗ ಜೋರಾಗಿ, ಎಡಕ್ಕೆ ತಿರುಗುವಾಗ ತಗ್ಗುತ್ತಿತ್ತು. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಗಾಲಿಗಳ ಮೇಲೆ ಬೀಳುವುದರಿಂದ ಇದು ಎಡಗಡೆಯ ಗಾಲಿಯ ಬೇರಿಂಗ್ ಸವೆದಿರುವ ಲಕ್ಷಣ. ಇನ್ನೊಬ್ಬ ಮೆಕ್ಯಾನಿಕ್ ಮುಂದಿನ ಎಡಗಾಲಿಯನ್ನು ಜಾಕ್ ಮೇಲೆ ಎತ್ತಿ, ಒಂದು ಕೈಯಲ್ಲಿ ಅದನ್ನು ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್ ಹಿಡಿದು ನೋಡುವಂತೆ ಆ ಶಿಕ್ಷಕರಿಗೇ ಹೇಳಿದರು. ಬೇರಿಂಗಿನೊಳಗೆ ಮರಳು ಸೇರಿದಂತೆ ತರತರ ಎನ್ನುವುದು ಅವರ ಬೆರಳಿಗೇ ತಿಳಿಯಿತು. ಬೇರಿಂಗ್ ಬದಲಾಯಿತು, ಗೇರ್‌ಬಾಕ್ಸ್ ಮುಟ್ಟಬೇಕಾಗಲಿಲ್ಲ. ಟೈರು ಅಡ್ಡಾದಿಡ್ಡಿ ಸವೆದಿದ್ದರೂ ಹೆಚ್ಚುಕಡಿಮೆ ಇದೇ ಸದ್ದು ಬರುವುದರಿಂದ ಅದನ್ನೂ ಕೈಯಾಡಿಸಿ ನೋಡುವುದು ಅಗತ್ಯ.

ಇದು ಬರೀ ಹಣದ ಪ್ರಶ್ನೆಯಲ್ಲ. ಪೂರ್ತಿ ಸವೆದ ಬೇರಿಂಗಿನಿಂದ ಓಡುವ ಕಾರಿನ ಗಾಲಿಯೇ ಸಡಿಲವಾಗಬಹುದು. ತಪ್ಪು ಭಾಗ ಬದಲಿಸಿಕೊಂಡು ನಿಶ್ಚಿಂತರಾದ ಮಾಲೀಕರು ಆ ಅಪಾಯವನ್ನು ಹೊತ್ತೇ ತಿರುಗುತ್ತಿರುತ್ತಾರೆ.

ಆದ್ದರಿಂದ ಗ್ಯಾರೇಜು ಮತ್ತು ಸರ್ವೀಸ್ ಸೆಂಟರ್‌ಗಳ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೆ: ಸದ್ದಿನ ದೂರು ಬಂದಾಗ ಕಾರಿನವರನ್ನು ಜೊತೆಗೆ ಕೂರಿಸಿಕೊಂಡೇ ಟೆಸ್ಟ್ ಡ್ರೈವ್ ಮಾಡಿ. ಮಾಡಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ 'ಸದ್ದು ಪರಿಶೀಲನೆ' ಎಂದಷ್ಟೇ ಗೀಚದೆ, ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಎತ್ತ ತಿರುಗಿದಾಗ ಸದ್ದು ಬಂತು ಎಂಬುದನ್ನು ಬರೆಯಿರಿ. ತೆಗೆದ ಹಳೆಯ ಭಾಗವನ್ನು ಕೇಳುವ ಮೊದಲೇ ಗ್ರಾಹಕರ ಕೈಗೆ ಕೊಡಿ. ಐಟಿಐಗಳ ಮೋಟಾರ್ ಮೆಕ್ಯಾನಿಕ್ ತರಬೇತಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಬಿಡಿಭಾಗ ಬಿಚ್ಚಿ ಜೋಡಿಸುವುದಕ್ಕೆ ಇರುವಷ್ಟೇ ಮಹತ್ವವನ್ನು, ಓಡುವ ಕಾರಿನಲ್ಲಿ ಕುಳಿತು ಸದ್ದಿನ ಮೂಲ ಗುರುತಿಸುವುದಕ್ಕೂ ಕೊಡುವಂತೆ ಇಲಾಖೆಯವರು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ, ಶಿವಮೊಗ್ಗ