ತೋಟದ ಮಾಲಿ ಇನ್ನು ಓಡುವುದಿಲ್ಲ, ನಡೆಯುತ್ತಾನೆ

ಶಾಲೆಗಳ ಶಿಕ್ಷಕರಿಗೆ ಹಾಗೂ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ನಮ್ಮ ಮಕ್ಕಳ ಸಿನಿಮಾ ಪ್ರದರ್ಶನ ಯಾವಾಗಲೂ ಶುರುವಾಗುವುದು ಸಿನಿಮಾ ಕಲೆಯ ಆರಂಭಿಕರಲ್ಲಿ ಒಬ್ಬರಾದ ಫ್ರಾನ್ಸಿನ ಲೂಯಿ ಲೂಮಿಯೇರ್ ಅವರ ‘ಲಾರೋಸರ್ ಅರೋಸೆ’ಯಿಂದ. ಕನ್ನಡದಲ್ಲಿ ಹೇಳುವುದಾದರೆ ‘ನೀರು ಹಾಕುವವನಿಗೇ ನೀರು’. ಈ ತಿಂಗಳಿಂದ ಆ ಕಪ್ಪು-ಬಿಳುಪು ಚಿತ್ರ ನಿಧಾನವಾಗಿ ಓಡುತ್ತದೆ, ಸದ್ದೂ ಇರುವುದಿಲ್ಲ. ಮೆಷಿನ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಕಳೆದ ವರ್ಷ ಒಂದು ಶಾಲೆಯಲ್ಲಿ ಚಿತ್ರ ಮುಗಿದ ಮೇಲೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಆಗಿನ ಕಾಲದೋರೆಲ್ಲಾ ಹಿಂಗೇ ದಡದಡ ಓಡಾಡ್ತಿದ್ರಾ ಸರ್?” ನಮಗೆ ಉತ್ತರ ತೋಚಲಿಲ್ಲ. ವಾಪಸ್ ಬಂದು ನಮ್ಮ ಪ್ರತಿಯನ್ನು ಪರೀಕ್ಷಿಸಿದಾಗ ತಪ್ಪು ನಮ್ಮದೇ ಎಂದು ಗೊತ್ತಾಯಿತು.

1895ರಲ್ಲಿ ಈ ಚಿತ್ರ ತೆಗೆದ ಕ್ಯಾಮೆರಾಕ್ಕೆ ಮೋಟಾರ್ ಇರಲಿಲ್ಲ. ಹಿಡಿಕೆಯನ್ನು ಕೈಯಲ್ಲೇ ತಿರುಗಿಸಬೇಕಿತ್ತು, ಸೆಕೆಂಡಿಗೆ ಸುಮಾರು 16 ಫ್ರೇಮ್, ಅಂದರೆ 16 ಬಿಡಿ ಚಿತ್ರ. ನಾವು ತೋರಿಸುತ್ತಿದ್ದ ಪ್ರತಿ ಅವನ್ನೇ ಈಗಿನ ಸಿನಿಮಾದಂತೆ 24ರ ವೇಗದಲ್ಲಿ ಓಡಿಸುತ್ತಿತ್ತು. ಸುಮಾರು 50 ಸೆಕೆಂಡಿನ ಚಿತ್ರ 33 ಸೆಕೆಂಡಿಗೇ ಮುಗಿದುಹೋಗುತ್ತಿತ್ತು. ಹೊಸ ಪ್ರತಿಯಲ್ಲಿ ಪ್ರತಿ ಎರಡನೇ ಫ್ರೇಮನ್ನು ಎರಡು ಸಲ ತೋರಿಸಿ ಆ ಓಟವನ್ನು ತಡೆದಿದ್ದೇವೆ.

ಹದಿನೇಳು ಸೆಕೆಂಡಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ಬೇಕು. ಮಾಲಿ ತನ್ನ ಪಾಡಿಗೆ ಗಿಡಗಳಿಗೆ ನೀರು ಬಿಡುತ್ತಿರುತ್ತಾನೆ. ಹಿಂದಿನಿಂದ ಹುಡುಗ ಬಂದು ಪೈಪಿನ ಮೇಲೆ ಕಾಲಿಡುತ್ತಾನೆ. ನೀರು ನಿಲ್ಲುತ್ತದೆ. ಮಾಲಿ ಪೈಪಿನ ಬಾಯಿಯನ್ನು ಮುಖದ ಹತ್ತಿರ ಹಿಡಿದು ಇಣುಕುತ್ತಾನೆ. ಹುಡುಗ ಇನ್ನೂ ಕಾಲು ತೆಗೆದಿಲ್ಲ! ಮಕ್ಕಳು ಉಸಿರು ಬಿಗಿಹಿಡಿಯಬೇಕಾದದ್ದು ಆ ಗಳಿಗೆಯಲ್ಲಿ, ಅದನ್ನೇ ನಾವು ಇಷ್ಟು ದಿನ ಕಸಿದುಕೊಂಡಿದ್ದೆವು. ಜೊತೆಗೆ, ಆ ಮಾಲಿ ವೃತ್ತಿನಟನಲ್ಲ. ಲೂಮಿಯೇರ್ ಮನೆಯ ತೋಟ ನೋಡಿಕೊಳ್ಳುತ್ತಿದ್ದ ಫ್ರಾನ್ಸ್ವಾ ಕ್ಲೆರ್. ದಿನಾ ಪೈಪು ಹಿಡಿದ ಕೈ ಅದು ಎಂಬುದು ಈಗ ಚೆನ್ನಾಗಿ ಕಾಣುತ್ತದೆ.

ನೀರು ಚಿಮ್ಮುವ ಸದ್ದು, ಪೀಪಿ ಸಂಗೀತ ಎಲ್ಲ ನಾವೇ ಸೇರಿಸಿದ್ದು, ತೆಗೆದಿದ್ದೇವೆ. ಎಲ್ಲಿ ನಗಬೇಕು ಎಂದು ಮಕ್ಕಳಿಗೆ ಪೀಪಿ ಊದಿ ಹೇಳಬೇಕಾಗಿಲ್ಲ. 1896ರಲ್ಲಿ ಲೂಮಿಯೇರ್ ಕಂಪನಿಗೆ ಮಾರ್ಸೆಲಾಂ ಓಜೋಲ್ ಬರೆದ ಪೋಸ್ಟರಿನಲ್ಲಿ ಪರದೆಯ ಮೇಲಿರುವುದು ಇದೇ ಚಿತ್ರ, ಎದುರಿಗೆ ಕೂತ ಜನ ತಾವಾಗಿಯೇ ನಗುತ್ತಿದ್ದಾರೆ. ಆ ಪೋಸ್ಟರಿನ ಪ್ರತಿಯನ್ನೂ ಇನ್ನು ಮೇಲೆ ತಂದು ಬಾಗಿಲ ಬಳಿ ಹಾಕುತ್ತೇವೆ.

ಕೊನೆಯಲ್ಲಿ ಮಾಲಿ ಹುಡುಗನಿಗೆ ಹೊಡೆಯುವ ಭಾಗ ಕತ್ತರಿಸಿ ಎಂದು ಕೆಲವು ಶಿಕ್ಷಕರು ಕೇಳಿದ್ದಿರಿ. ನಿಮ್ಮ ಕಾಳಜಿ ನಮಗೆ ಅರ್ಥವಾಗುತ್ತದೆ, ಆದರೂ ಕತ್ತರಿಸಿಲ್ಲ. ಓಡುವ ಹುಡುಗನನ್ನು ಹಿಡಿದು ಮಾಲಿ ಮತ್ತೆ ಮುಂದಕ್ಕೆ ಎಳೆದು ತರುವುದನ್ನು ಗಮನಿಸಿ. ಕ್ಯಾಮೆರಾ ನಿಂತಲ್ಲೇ ನಿಂತಿದೆ, ಅವರೇ ಅದರ ಮುಂದೆ ಬರಬೇಕು. ಸಿನಿಮಾ ಹೇಗೆ ತೆಗೆಯುತ್ತಾರೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನಮಗೆ ಸಿಕ್ಕಿಲ್ಲ. ಹೊಡೆಯುವುದು ಸರಿಯೇ ಎಂದು ಮಕ್ಕಳು ಕೇಳಿದರೆ ಅಲ್ಲೇ ನಿಲ್ಲಿಸಿ ಮಾತಾಡಿ, ನಮ್ಮ ಹುಡುಗರು ಕಾಯುತ್ತಾರೆ.

ಪ್ರದರ್ಶನದ ದರ ಮೊದಲಿನಷ್ಟೇ. ಹಳೆಯ ಪ್ರತಿಯೇ ಬೇಕೆನ್ನುವವರು ಬುಕಿಂಗ್ ಮಾಡುವಾಗ ತಿಳಿಸಿ, ಈ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಅದೂ ಇರುತ್ತದೆ. ಆದರೆ ಒಂದು ಸಲ ಹೊಸದನ್ನು ಮಕ್ಕಳ ಜೊತೆ ಕೂತು ನೋಡಿ, ಆಮೇಲೆ ಹೇಳಿ.

ಇಂತಿ,
ಪ್ರದರ್ಶನ ಘಟಕದ ಪರವಾಗಿ